ಬೀಡು, ನೆಲೆವೀಡು ಮತ್ತು ದಂಡು ಇಳಿದ ನೆಲದ ಗುರುತು

ಹೈದರಾಬಾದಿನ ಅಮೀರ್‌ಪೇಟೆಯಿಂದ ಮುಂಬಯಿ ಹೆದ್ದಾರಿ ಹಿಡಿದು, ಎರ್ರಗಡ್ಡ, ಕೂಕಟ್‌ಪಲ್ಲಿಗಳನ್ನು ದಾಟಿ ವಾಯವ್ಯಕ್ಕೆ ಸಾಗಿದರೆ ಪಟಾನ್‌ಚೆರು ಸಿಗುತ್ತದೆ. ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಶಾಸನಗಳಲ್ಲಿ ಬರುವ ಪೊಟ್ಟಳಕೆರೆ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ದೇವರ ದಾಸಿಮಯ್ಯನ ಶಿಷ್ಯೆಯಾದ ರಾಣಿ ಸುಗ್ಗಲೆಯ ಕಥೆಯೂ ಈ ಊರಿಗೇ ಅಂಟಿಕೊಂಡಿದೆ. ಶಾಸನಗಳು ಇದನ್ನು ನೆಲೆವೀಡು ಎನ್ನುತ್ತವೆ. ಎಟಗಿರಿಗೂ ಕೊಳ್ಳಿಪಾಕೆಗೂ ಅದೇ ಮಾತು. ಈ ಪದವನ್ನು ಕಂಡಲ್ಲೆಲ್ಲ ರಾಜಧಾನಿ ಎಂದೇ ಅನುವಾದಿಸುವ ರೂಢಿಯಿಂದ ಒಬ್ಬನೇ ಅರಸನಿಗೆ ಮೂರು ನಾಲ್ಕು ರಾಜಧಾನಿಗಳು ಒದಗಿಬಿಟ್ಟಿವೆ. ಕನ್ನಡ ನಾಡಿನ ಹೊರಗೆ ಅನುವಾದಗಳನ್ನೇ ನೆಚ್ಚಿ ದುಡಿಯುವ ಸಂಶೋಧಕರು ಈ ತೊಡಕನ್ನು ಗಮನಿಸಬೇಕು.

ಬೀಡು ಎಂಬುದು ದಂಡು ಇಳಿದ ತಾಣ. 'ಬೀಡುಬಿಡು' ಎಂಬ ಕ್ರಿಯಾಪದದಲ್ಲಿ ಈ ಅರ್ಥ ಇಂದಿಗೂ ಉಸಿರಾಡುತ್ತಿದೆ. ನೆಲೆ ಮತ್ತು ಬೀಡು ಸೇರಿದಾಗ ನೆಲೆನಿಂತ ಬೀಡು ಎಂದಾಗುತ್ತದೆ. ಅದು ಪಾಳೆಯಕ್ಕಿಂತ ಸ್ಥಿರವಾದುದು, ರಾಜಧಾನಿಯಷ್ಟು ಶಾಶ್ವತವಲ್ಲದ್ದು ಎಂಬುದು ನಮ್ಮ ಅಭಿಪ್ರಾಯ. ಸಂಸ್ಕೃತ ತಾಮ್ರಪಟಗಳ ವಿಜಯಸ್ಕಂಧಾವಾರವಾದರೋ ಸ್ಪಷ್ಟವಾಗಿ ಸೇನಾಶಿಬಿರವೇ. ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನ ವಕ್ಕಲೇರಿ ತಾಮ್ರಪಟಗಳು (ಕ್ರಿ.ಶ. 757) ದೊರೆತದ್ದು ಕೋಲಾರದ ಕಡೆ, ದತ್ತಿಯ ಊರು ಪಾನುಂಗಲ್ಲು ವಿಷಯದ್ದು, ಅರಸ ದತ್ತಿ ಕೊಟ್ಟದ್ದು ಭೀಮಾನದಿಯ ಉತ್ತರ ದಡದ ಭಂಡಾರಗವಿಟ್ಟಗೆಯ ಬೀಡಿನಿಂದ. ರಾಷ್ಟ್ರಕೂಟ ಒಂದನೆಯ ಕೃಷ್ಣನ ತಳೆಗಾಂವ್ ಪಟಗಳು (768) ಗಂಗವಾಡಿಯ ಮಣ್ಣೆಯ ಶಿಬಿರದಲ್ಲಿ ಹುಟ್ಟಿದವು. ಬೀಡು ಎಲ್ಲಿತ್ತೆಂಬುದು ದಾನದ ಸಿಂಧುತ್ವಕ್ಕೆ ಬೇಕಾದ ವಿವರವಾಗಿತ್ತು; ಯುದ್ಧಸ್ಮಾರಕದ ಉದ್ದೇಶ ಅಲ್ಲಿರಲಿಲ್ಲ. ಆದ್ದರಿಂದಲೇ ಅದನ್ನು ನಾವು ಹೆಚ್ಚು ನಂಬಬಹುದು.

ನಂತರದ ಕಾಲದ ಗುರುತುಗಳು ಬೇರೆ ಬಗೆಯವು. 1687ರಲ್ಲಿ ಔರಂಗಜೇಬನ ಸೈನ್ಯ ಅಮೀರ್‌ಪೇಟೆಯ ನೈಋತ್ಯಕ್ಕಿರುವ ಗೋಲ್ಕೊಂಡವನ್ನು ತಿಂಗಳುಗಟ್ಟಲೆ ಮುತ್ತಿತು. ಮೊಗಲರ ದಂಡು ಇಳಿದ ಬಯಲು ಗೆಲುವಿನ ಬಳಿಕ ಫತೇ ಮೈದಾನವಾಯಿತೆಂಬ ಪ್ರತೀತಿಯಿದೆ. 1967ರಲ್ಲಿ ಅಲ್ಲಿನ ಕ್ರೀಡಾಂಗಣಕ್ಕೆ ಲಾಲ್ ಬಹಾದೂರ್ ಶಾಸ್ತ್ರಿಯವರ ಹೆಸರು ಬಂದರೂ ಹಳೆಯ ಹೆಸರು ಜನರ ಬಾಯಲ್ಲಿ ಉಳಿದಿದೆ. ಬೆಂಗಳೂರು ಕೋಟೆಯ ಗೋಡೆಯ ಕಲ್ಲುಫಲಕ 1791ರ ಮಾರ್ಚ್ 21ರಂದು ಇಂಗ್ಲಿಷರು ನುಗ್ಗಿದ ಬಿರುಕನ್ನು ತೋರಿಸುತ್ತದೆ. ಶ್ರೀರಂಗಪಟ್ಟಣದ ಒಂದು ಮನೆಗೆ 1799ರ ವಿಜಯಿ ಜನರಲ್ ಹ್ಯಾರಿಸನ ಹೆಸರಿದೆ. ಅವನು ಅಲ್ಲಿದ್ದದ್ದು ಕೆಲವೇ ದಿನ. ದಿವಾನ್ ಪೂರ್ಣಯ್ಯ ನಿವೃತ್ತರಾಗಿ ನೆಲಸಿ, 1812ರಲ್ಲಿ ಕಣ್ಣುಮುಚ್ಚಿದ್ದು ಅದೇ ಮನೆಯಲ್ಲಿ. ಹೆಸರು ಮಾತ್ರ ಸೇನಾಪತಿಯದೇ!

ಬೀಡೊಂದನ್ನು ಸಾಹಿತ್ಯವೂ ಶಾಸನವೂ ಒಟ್ಟಿಗೆ ಹಿಡಿದಿಟ್ಟ ನಿದರ್ಶನ ಮೇಲ್ಪಾಟಿಯದು. ತಕ್ಕೋಲದ ಕಾಳಗದಲ್ಲಿ (949) ಚೋಳ ರಾಜಾದಿತ್ಯ ಮಡಿದು ದಶಕ ಕಳೆದ ಮೇಲೆ ರಾಷ್ಟ್ರಕೂಟ ಮೂರನೆಯ ಕೃಷ್ಣ ಅಲ್ಲಿ ಬೀಡುಬಿಟ್ಟಿದ್ದ. ಅಲ್ಲಿಂದ ಹೊರಟ ಕರ್‌ಹಾಡ್ ತಾಮ್ರಪಟಗಳ ಪ್ರಕಾರ, ಗೆದ್ದ ತೆಂಕಣ ನಾಡುಗಳನ್ನು ತನ್ನವರಿಗೆ ಹಂಚುವುದು, ಮಾಂಡಲಿಕರಿಂದ ಕಪ್ಪ ಸ್ವೀಕರಿಸುವುದು, ಗಂಡಮಾರ್ತಂಡಾದಿ ದೇಗುಲಗಳನ್ನು ಕಟ್ಟಿಸುವುದು ಅವನ ಕೆಲಸವಾಗಿತ್ತು. ಪಟಗಳ ಕಾಲ ಶಕ 880ರ ಫಾಲ್ಗುಣ. ಸೋಮದೇವಸೂರಿ 'ಯಶಸ್ತಿಲಕ'ವನ್ನು ಮುಗಿಸಿದ್ದು ಶಕ 881ರ ಚೈತ್ರದಲ್ಲಿ. ಎರಡೂ ಕ್ರಿ.ಶ. 959ಕ್ಕೆ ಸೇರುತ್ತವೆ, ನಡುವಿನ ಅಂತರ ಕೆಲವೇ ವಾರಗಳದು. ಕವಿ ಇದ್ದದ್ದು ಗಂಗಧಾರೆಯಲ್ಲಿ, ಎಂದರೆ ಇಂದಿನ ತೆಲಂಗಾಣದ ಕರೀಂನಗರದ ಸೀಮೆಯಲ್ಲಿ. ಪಂಪನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನವಿರುವ ಬೊಮ್ಮಲಗುಟ್ಟ ಅದರ ಸಮೀಪದಲ್ಲೇ ಇದೆ. ಚಕ್ರವರ್ತಿಯ ಬೀಡು ದೂರದ ಮೇಲ್ಪಾಟಿಯಲ್ಲಿದೆ ಎಂಬುದನ್ನು ವೇಮುಲವಾಡ ಚಾಲುಕ್ಯರ ಆಶ್ರಯದಲ್ಲಿದ್ದ ಈ ಜೈನಕವಿ ಗ್ರಂಥಾಂತ್ಯದಲ್ಲಿ ದಾಖಲಿಸಿದ. ಅವನಿಗೂ ಆ ಬೀಡು ಕಾಲವನ್ನು ಗುರುತಿಸುವ ಸಾಧನವೇ ಹೊರತು ಪ್ರಶಂಸೆಯ ವಿಷಯ ಮಾತ್ರವಲ್ಲ. ಆದರೂ ಯಾರೂ ಮಾನ್ಯಖೇಟವನ್ನು ಬಿಟ್ಟು ಮೇಲ್ಪಾಟಿಯನ್ನು ರಾಜಧಾನಿ ಎಂದಿಲ್ಲ. ಪೊಟ್ಟಳಕೆರೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕಾಗಿತ್ತು.

ಮೇಲ್ಪಾಟಿ ಇಂದು ತಮಿಳುನಾಡಿನ ಮೇಲ್ಪಾಡಿ. ಮುಂದೆ ಚೋಳ ಒಂದನೆಯ ರಾಜರಾಜ (985–1014) ತನ್ನ ಅಜ್ಜ ಅರಿಂಜಯನ ಸ್ಮರಣೆಗೆ ಪಳ್ಳಿಪ್ಪಡೈ ದೇಗುಲವನ್ನು ಕಟ್ಟಿಸಿದ್ದು ಇದೇ ಊರಿನಲ್ಲಿ. ಆ ದೇಗುಲ ಇನ್ನೂ ನಿಂತಿದೆ.