ಪತ್ರ ಒಂದು, ಪೆಟ್ಟಿಗೆ ಹಲವು: ಇ-ಮೇಲ್ ಹೊಂದಾಣಿಕೆಯ ಕಥೆ



ಇಂದು ನಮ್ಮಲ್ಲಿ ಅನೇಕರಿಗೆ ಇ-ಮೇಲ್ ವಿಳಾಸ ಒಂದೇ, ಆದರೆ ಅದನ್ನು ನೋಡುವ ಸಾಧನಗಳು ಎರಡು ಮೂರು. ಮನೆಯಲ್ಲಿ ಕಂಪ್ಯೂಟರು, ಜೇಬಿನಲ್ಲಿ ಮೊಬೈಲು, ಕೆಲವರ ಮನೆಯಲ್ಲಿ ಟ್ಯಾಬ್ ಕೂಡ. ಕೆಲವೊಮ್ಮೆ ಕಂಪ್ಯೂಟರಿಗೆ ಬಂದ ಪತ್ರ ಮೊಬೈಲಿನಲ್ಲಿ ಸಿಗುವುದಿಲ್ಲ. ಕೆಲವೊಮ್ಮೆ ಮೊಬೈಲಿನಲ್ಲಿ ಅಳಿಸಿದ ಪತ್ರ ಕಂಪ್ಯೂಟರಿನಿಂದಲೂ ಮಾಯವಾಗುತ್ತದೆ. ಇದು ಯಂತ್ರದ ತುಂಟತನವೆಂದು ತಿಳಿಯಬೇಡಿ. ಇದರ ಹಿಂದೆ ನಲವತ್ತು ವರ್ಷಗಳ ಇತಿಹಾಸವಿದೆ. ಆ ಇತಿಹಾಸದ ಉದ್ದಕ್ಕೂ ಕೇಳಿಬರುವ ಪ್ರಶ್ನೆ ಒಂದೇ: ಪತ್ರದ ಅಸಲು ಪ್ರತಿ ಎಲ್ಲಿರಬೇಕು? ಅಂಚೆ ಕಚೇರಿಯಲ್ಲಿಯೋ, ನಮ್ಮ ಮನೆಯಲ್ಲಿಯೋ?

ಅಂಚೆಯ ಹಳೆಯ ರೀತಿ

ನಮ್ಮ ನಾಡಿಗೆ ಅಂಚೆ ಹೊಸದಲ್ಲ. ಹದಿನೇಳನೇ ಶತಮಾನದ ಕೊನೆಯ ಭಾಗದಲ್ಲಿಯೇ ಚಿಕ್ಕದೇವರಾಜ ಒಡೆಯರು ಮೈಸೂರು ಸಂಸ್ಥಾನದಲ್ಲಿ ಅಂಚೆಯ ವ್ಯವಸ್ಥೆ ಮಾಡಿದ್ದರು. 'ಮೈಸೂರು ಅಂಚೆ' ಎಂದು ಹೆಸರಾದ ಈ ಸೇವೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ಸೇರಿಹೋಯಿತು. ಬಾಳೂರು, ಕೊಟ್ಟಿಗೆಹಾರ, ಕಳಸದ ಕಡೆ ಮನೆಗಳು ಕಾಫಿ ತೋಟಗಳ ನಡುವೆ ದೂರ ದೂರ ಇರುವುದರಿಂದ ಪತ್ರ ತಲುಪಿಸುವುದೆಂದರೆ ಗುಡ್ಡ ಹತ್ತಿ ಇಳಿಯುವ ಕೆಲಸ. ಆದರೆ ಒಮ್ಮೆ ತಲುಪಿತೆಂದರೆ ಮುಗಿಯಿತು. ಪತ್ರ ಮನೆಯದು, ಅದರ ನಕಲು ಅಂಚೆ ಕಚೇರಿಯಲ್ಲಿ ಉಳಿಯುವುದಿಲ್ಲ.

ಇ-ಮೇಲ್ ಕೂಡ ಮೊದಲು ಇದೇ ದಾರಿ ಹಿಡಿಯಿತು. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಸಂದೇಶ ಕಳುಹಿಸಿದರು. ವಿಳಾಸದ ನಡುವೆ ಇಂದಿಗೂ ನಾವು ಬರೆಯುವ 'ಅಟ್' ಚಿಹ್ನೆಯನ್ನು ಆರಿಸಿದವರೂ ಅವರೇ. ಜನರ ಮೇಜಿನ ಮೇಲೆ ಸ್ವಂತ ಕಂಪ್ಯೂಟರುಗಳು ಬಂದಾಗ, ದೊಡ್ಡ ಕಂಪ್ಯೂಟರಿನಲ್ಲಿ ಬಂದು ಕೂತ ಪತ್ರವನ್ನು ಅಲ್ಲಿಗೆ ತರಿಸಿಕೊಳ್ಳಲು 1984ರಲ್ಲಿ 'ಪಾಪ್' ಎಂಬ ನಿಯಮಾವಳಿ ರೂಪುಗೊಂಡಿತು. ಆ ಹೆಸರಿನ ವಿಸ್ತಾರವೇ 'ಪೋಸ್ಟ್ ಆಫೀಸ್ ಪ್ರೋಟೋಕಾಲ್'. 1988ರಲ್ಲಿ ಬಂದ ಅದರ ಮೂರನೆಯ ರೂಪ ಇಂದಿಗೂ ಬಳಕೆಯಲ್ಲಿದೆ. ಇದರ ಸಾಮಾನ್ಯ ರೀತಿ ಹೀಗೆ: ಕಂಪ್ಯೂಟರು ಸರ್ವರಿಗೆ ಫೋನು ಮಾಡಿ ಪತ್ರಗಳನ್ನೆಲ್ಲಾ ಇಳಿಸಿಕೊಳ್ಳುತ್ತದೆ, ಸರ್ವರಿನಲ್ಲಿದ್ದುದನ್ನು ಅಳಿಸಿ ಸಂಪರ್ಕ ಕಡಿಯುತ್ತದೆ.

ಅಂದಿನ ಕಾಲಕ್ಕೆ ಇದು ಜಾಣತನವೇ ಆಗಿತ್ತು. ಟೆಲಿಫೋನ್ ತಂತಿಯ ಮೇಲೆ ಅಂತರಜಾಲ, ನಿಮಿಷಕ್ಕೆ ಇಷ್ಟೆಂದು ಖರ್ಚು. ಸರ್ವರಿನಲ್ಲಿ ಜಾಗವೂ ಕಡಿಮೆ. ಒಂದೇ ಕಂಪ್ಯೂಟರು ಇದ್ದವನಿಗೆ ಯಾವ ತೊಂದರೆಯೂ ಇರಲಿಲ್ಲ. ಎರಡನೆಯ ಸಾಧನ ಬಂದಾಗಲೇ ಕಷ್ಟ ಶುರುವಾಯಿತು. ಮನೆಯ ಕಂಪ್ಯೂಟರು ಬೆಳಿಗ್ಗೆಯೇ ಪತ್ರಗಳನ್ನು ಎತ್ತಿಕೊಂಡು ಹೋಗಿದ್ದರೆ ಸಂಜೆ ಮೊಬೈಲಿಗೆ ಸಿಗುವುದು ಖಾಲಿ ಪೆಟ್ಟಿಗೆ.

ಅಸಲು ಅಲ್ಲೇ ಇರಲಿ

ಈ ಕಷ್ಟಕ್ಕೆ ಉತ್ತರ ಮೊಬೈಲು ಬರುವ ಎಷ್ಟೋ ಮೊದಲೇ ಸಿದ್ಧವಾಗಿತ್ತು ಎಂಬುದೇ ಆಶ್ಚರ್ಯ. 1986ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬವರು 'ಐಮ್ಯಾಪ್' ಎಂಬ ನಿಯಮಾವಳಿಯನ್ನು ರಚಿಸಿದರು. ಅವರ ವಿಚಾರ ಸರಳ: ಅಸಲು ಪತ್ರ ಸರ್ವರಿನಲ್ಲಿಯೇ ಇರಲಿ, ಕಂಪ್ಯೂಟರು ಅದನ್ನು ಅಲ್ಲಿಯೇ ಓದಲಿ, ಬೇಕಾದರೆ ಒಂದು ನಕಲು ಇಟ್ಟುಕೊಳ್ಳಲಿ. ಅದೇ 1986ರಲ್ಲಿ ನಮ್ಮ ದೇಶದಲ್ಲಿ 'ಅರ್ನೆಟ್' ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲ ಆರಂಭವಾಯಿತು. ಅದರಲ್ಲಿ ಮೊದಲಿನಿಂದ ಪಾಲುಗೊಂಡ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು.

ಐಮ್ಯಾಪ್ ಹೇಗೆ ಕೆಲಸ ಮಾಡುತ್ತದೆ? ನಮ್ಮ ಶಾಲೆಯ ದಾಖಲಾತಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಪ್ರತಿ ಮಗುವಿಗೂ ಒಂದು ದಾಖಲಾತಿ ಸಂಖ್ಯೆ. ಮಗು ವರ್ಗಾವಣೆ ಪತ್ರ ಪಡೆದು ಹೋದರೂ ಆ ಸಂಖ್ಯೆಯನ್ನು ಇನ್ನೊಂದು ಮಗುವಿಗೆ ಕೊಡುವುದಿಲ್ಲ. ಹಾಗೆಯೇ ಸರ್ವರು ಫೋಲ್ಡರಿನ ಪ್ರತಿ ಪತ್ರಕ್ಕೂ ಏರುತ್ತಾ ಹೋಗುವ ಸಂಖ್ಯೆ ಕೊಡುತ್ತದೆ. ಪತ್ರ ಅಳಿಸಿದರೂ ಆ ಸಂಖ್ಯೆ ಮತ್ತೆ ಬಳಕೆಗೆ ಬರುವುದಿಲ್ಲ. ಮೊಬೈಲು ಬಂದು, "ನನ್ನ ಹತ್ತಿರ 412ರವರೆಗೆ ಇದೆ, ಮುಂದೆ ಏನು ಬಂದಿದೆ?" ಎಂದು ಕೇಳುತ್ತದೆ. ಸರ್ವರು 413ರಿಂದ ಕೊಡುತ್ತದೆ. ಜೊತೆಗೆ ಪ್ರತಿ ಪತ್ರದ ಎದುರು ಗುರುತುಗಳಿರುತ್ತವೆ: ಓದಿದೆ, ಉತ್ತರಿಸಿದೆ, ಮುಖ್ಯ, ಅಳಿಸಬೇಕು ಎಂದು. ಹಾಜರಿ ಪುಸ್ತಕ ಒಂದೇ ಆದ್ದರಿಂದ ಯಾವ ಸಾಧನ ಗುರುತು ಹಾಕಿದರೂ ಉಳಿದವಕ್ಕೆ ಕಾಣುತ್ತದೆ. ಹೊಂದಾಣಿಕೆ ಎಂದರೆ ಇಷ್ಟೇ.

1994ರಲ್ಲಿ ಐಮ್ಯಾಪ್‌ನ ನಾಲ್ಕನೆಯ ರೂಪ ಬಂದಾಗ ಕ್ರಿಸ್ಪಿನ್ ಇ-ಮೇಲ್ ಬಳಕೆಯ ಮೂರು ರೀತಿಗಳನ್ನು ವಿವರಿಸಿದರು. ಇಳಿಸಿಕೊಂಡು ಓದುವುದು ಒಂದು, ಸಂಪರ್ಕದಲ್ಲಿದ್ದೇ ಓದುವುದು ಇನ್ನೊಂದು. ಮೂರನೆಯದು, ನಕಲು ಇಟ್ಟುಕೊಂಡು ಸಂಪರ್ಕವಿಲ್ಲದೆ ಕೆಲಸ ಮಾಡಿ ನಂತರ ಸರ್ವರಿನೊಡನೆ ಸರಿಹೊಂದಿಸುವುದು. ಮಲೆನಾಡಿನವರಾದ ನಮಗೆ ಈ ಮೂರನೆಯದೇ ಮುಖ್ಯ. ಆಷಾಢದ ಮಳೆಗೆ ಕರೆಂಟು ಹೋಗಿ, ಸಿಗ್ನಲ್ ಇಲ್ಲದಾಗಲೂ ಹಳೆಯ ಪತ್ರ ಓದಬಹುದು, ಉತ್ತರ ಬರೆದಿಡಬಹುದು. ಸಿಗ್ನಲ್ ಬಂದ ಮೇಲೆ ಅದು ತಾನೇ ಹೊರಡುತ್ತದೆ. 1997ರಲ್ಲಿ ಇನ್ನೊಂದು ಸೌಲಭ್ಯ ಸೇರಿತು. ಸಾಧನ ಮತ್ತೆ ಮತ್ತೆ ಕೇಳಬೇಕಿಲ್ಲ, ಹೊಸ ಪತ್ರ ಬಂದೊಡನೆ ಸರ್ವರೇ ಹೇಳುತ್ತದೆ.

ಬೆಂಗಳೂರಿನ ಹುಡುಗ, ಬೆಟ್ಟದ ಬೆಳೆಗಾರ

ಜನಸಾಮಾನ್ಯರಿಗೆ ಅಸಲು ಸರ್ವರಿನಲ್ಲೇ ಇರುವ ರೀತಿಯನ್ನು ರೂಢಿ ಮಾಡಿಸಿದ್ದು ಬ್ರೌಸರಿನ ಇ-ಮೇಲ್. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ, ತಮ್ಮ ಗೆಳೆಯ ಜ್ಯಾಕ್ ಸ್ಮಿತ್ ಜೊತೆ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದರು. 1997ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ನಮ್ಮಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಅಂತರಜಾಲ ಕೊಡಲು ತೊಡಗಿದ್ದು 1995ರ ಆಗಸ್ಟ್ 15ರಂದು. 1996ರಲ್ಲಿಯೇ ಕಾಫಿ ಮಾರಾಟ ಪೂರ್ತಿ ಮುಕ್ತವಾಗಿ, ಕಾಫಿ ಮಂಡಳಿಗೆ ಬೆಳೆ ಒಪ್ಪಿಸುತ್ತಿದ್ದ ಬೆಳೆಗಾರ ತಾನೇ ಧಾರಣೆ ವಿಚಾರಿಸಬೇಕಾಯಿತು. ಹೀಗೆ ದೂರದ ಸುದ್ದಿ ಬೇಗ ಬೇಕಾದ ಕಾಲಕ್ಕೇ ಸುದ್ದಿ ತರುವ ಸಾಧನವೂ ಬಂತು.

ಆಗ ಹಾಟ್‌ಮೇಲ್ ಕೊಡುತ್ತಿದ್ದ ಜಾಗ ಕೇವಲ 2 ಎಂಬಿ. ಅಳಿಸದೆ ಗತಿಯಿರಲಿಲ್ಲ. 2004ರ ಏಪ್ರಿಲ್ 1ರಂದು ಬಂದ ಜಿಮೇಲ್ ಒಂದು ಜಿಬಿ ಕೊಟ್ಟಿತು. 2007ರಲ್ಲಿ ಅದರಲ್ಲಿ ಐಮ್ಯಾಪ್ ಸೌಲಭ್ಯವೂ ಸೇರಿತು. ಐಫೋನ್ ಬಂದದ್ದೂ ಅದೇ ವರ್ಷ. ಕ್ರಿಸ್ಪಿನ್ ಇಪ್ಪತ್ತು ವರ್ಷ ಮೊದಲು ಯೋಚಿಸಿದ್ದು ಈಗ ಜೇಬಿನ ವಸ್ತುವಾಯಿತು. ಅವರು 2012ರಲ್ಲಿ ತೀರಿಕೊಂಡರು. ಅವರ ಹೆಸರು ಬಲ್ಲವರು ಕಡಿಮೆ, ಅವರ ಕೆಲಸ ಬಳಸದವರು ಅದಕ್ಕಿಂತ ಕಡಿಮೆ.

ನಾವು ತಿಳಿಯಬೇಕಾದದ್ದು

ಈ ಇತಿಹಾಸದಿಂದ ನಾವು ಕಲಿಯಬೇಕಾದ ಪಾಠ ಒಂದಿದೆ. ಹೊಂದಾಣಿಕೆ ಬೇರೆ, ಕಾಪಾಡಿಕೊಳ್ಳುವುದು ಬೇರೆ. ಅಸಲು ಒಂದೇ ಕಡೆ ಇರುವಾಗ ಅಳಿಸಿದ ಗುರುತೂ ಎಲ್ಲ ಕಡೆಗೆ ಅಷ್ಟೇ ನಿಷ್ಠೆಯಿಂದ ಹೋಗುತ್ತದೆ. ಮೊಬೈಲಿನಲ್ಲಿ ಜಾಗ ಮಾಡಲೆಂದು ಪತ್ರ ಅಳಿಸಿದರೆ ಕಂಪ್ಯೂಟರಿನ ಪತ್ರವೂ ಹೋಗುತ್ತದೆ. ಇನ್ನೊಂದು ಮಾತು: ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಕೊಲ್ಲಿ ದೇಶದಲ್ಲಿದ್ದಾಗ ತಂದೆ ಬರೆದ ಪತ್ರಗಳು, ಮಗಳ ಕಾಲೇಜು ಪ್ರವೇಶದ ಆದೇಶ, ವಿದ್ಯಾರ್ಥಿವೇತನದ ಉತ್ತರ, ತೋಟದ ಲೆಕ್ಕ ಎಲ್ಲವೂ ಅಂತಹ ಪೆಟ್ಟಿಗೆಯಲ್ಲಿರಬಹುದು.

ಆದ್ದರಿಂದ ಇಷ್ಟು ಮಾಡಿ. ಮನೆಯ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್‌ನಂತಹ ತಂತ್ರಾಂಶವಿದ್ದರೆ ಖಾತೆ ಪಾಪ್ ರೀತಿಯಲ್ಲಿದೆಯೋ ಐಮ್ಯಾಪ್ ರೀತಿಯಲ್ಲಿದೆಯೋ ನೋಡಿ. ಪಾಪ್ ಆಗಿದ್ದರೆ 'ಪ್ರತಿಯನ್ನು ಸರ್ವರಿನಲ್ಲಿ ಬಿಡು' ಎಂಬ ಆಯ್ಕೆಗೆ ಗುರುತು ಹಾಕಿ, ಅಥವಾ ಐಮ್ಯಾಪ್ ಖಾತೆಯನ್ನು ಸೇರಿಸಿ. ಹಳೆಯ ಪತ್ರಗಳನ್ನು ಅದರೊಳಗೆ ನಕಲು ಮಾಡಿ, ಎಲ್ಲವೂ ಬಂದಿವೆಯೆಂದು ನೋಡಿಕೊಂಡ ಮೇಲೆಯೇ ಹಳೆಯ ಖಾತೆ ತೆಗೆಯಿರಿ. ಮುಖ್ಯ ಪತ್ರಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿಯೋ ಮುದ್ರಿಸಿದ ಕಾಗದದಲ್ಲಿಯೋ ಬೇರೆ ಇಡಿ.

ಉರ್ದುವಿನಲ್ಲಿ 'ಅಮಾನತ್' ಎಂಬ ಪದವಿದೆ. ಕನ್ನಡದ ಪತ್ರಿಕೆಗಳಲ್ಲಿ 'ಅಮಾನತು' ಎಂದರೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಡುವುದು. ಉರ್ದುವಿನಲ್ಲಿ ಅದರ ಅರ್ಥ, ನಂಬಿ ಒಪ್ಪಿಸಿದ ವಸ್ತು. ಸರ್ವರಿನಲ್ಲಿರುವ ನಮ್ಮ ಪತ್ರಗಳು ಇನ್ನೊಬ್ಬರ ಕೈಯಲ್ಲಿಟ್ಟ ಅಮಾನತ್. ಒಪ್ಪಿಸಿದವನೂ ಆಗಾಗ ಹೋಗಿ ವಿಚಾರಿಸುತ್ತಿರಬೇಕು.