ಬ್ಯಾಂಟಿಂಗ್ ಸಾಹೇಬರ ಬೊಜ್ಜು

ಅನ್ನ ಬಿಟ್ಟು ತೂಕ ಇಳಿಸೋ "ಲೋ ಕಾರ್ಬ್" ಪಥ್ಯ ಜಿಮ್ಮುಗಳ ಜತೆ ನಿನ್ನೆ ಮೊನ್ನೆ ಹುಟ್ಟಿದ್ದು ಅಂತ ನಮ್ಮಲ್ಲಿ ಸುಮಾರು ಜನ ಅಂದುಕೊಂಡಿದ್ದಾರೆ. ಅದಕ್ಕೆ ನೂರರವತ್ತು ವರ್ಷ ದಾಟಿದೆ ಮಾರಾಯ್ರೆ. ಅದನ್ನು ಮನೆಮಾತು ಮಾಡಿದ್ದು ಡಾಕ್ಟರೂ ಅಲ್ಲ, ಪೈಲ್ವಾನನೂ ಅಲ್ಲ. ಶವಸಂಸ್ಕಾರದ ಏರ್ಪಾಡು ಮಾಡುವ ಕಸುಬಿನಿಂದ ನಿವೃತ್ತನಾಗಿದ್ದ ಲಂಡನ್ನಿನ ಒಬ್ಬ ಅಜ್ಜ.

ಹೆಸರು ವಿಲಿಯಂ ಬ್ಯಾಂಟಿಂಗ್. ಸಾಮಾನ್ಯ ಮನೆತನವಲ್ಲ. 1852ರಲ್ಲಿ ವೆಲ್ಲಿಂಗ್ಟನ್ ಡ್ಯೂಕ್, 1861ರಲ್ಲಿ ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್, ಇವರ ಅಂತಿಮಯಾತ್ರೆಯ ಏರ್ಪಾಡು ಬ್ಯಾಂಟಿಂಗ್ ಸಂಸ್ಥೆಯದೇ. ಇಂಥ ಗೌರವಸ್ಥರಿಗೆ ಇದ್ದದ್ದು ಒಂದೇ ಕೊರಗು, ಬೊಜ್ಜು. ಎತ್ತರ ಐದಡಿ ಐದಿಂಚು, 1862ರ ಆಗಸ್ಟ್‌ನಲ್ಲಿ ತೂಕ 202 ಪೌಂಡು, ಅಂದರೆ ಸುಮಾರು 92 ಕೆಜಿ. ಬಗ್ಗಿ ಬೂಟಿನ ಲಾಡಿ ಕಟ್ಟೋಕಾಗುತ್ತಿರಲಿಲ್ಲ. ಮಂಡಿ ಮೇಲೆ ಭಾರ ಬೀಳದಿರಲಿ ಅಂತ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದರು. ಅದಕ್ಕಿಂತ ಹೆಚ್ಚು ಸುಟ್ಟದ್ದು ಜನರ ಕುಹಕ. ಬೀದಿಯಲ್ಲಿ, ಗಾಡಿಗಳಲ್ಲಿ, ಸಭೆಗಳಲ್ಲಿ ಕೇಳಬೇಕಾಗಿ ಬಂದ ಮಾತುಗಳ ಬಗ್ಗೆ ಅವರೇ ಬರೆದುಕೊಂಡಿದ್ದಾರೆ.

ದಪ್ಪಗಿರೋರನ್ನು ಕಂಡ ಕೂಡಲೇ "ಸೋಮಾರಿ, ಸ್ವಲ್ಪ ಮೈ ಬಗ್ಗಿಸಬಾರದಾ?" ಅನ್ನುತ್ತೀವಲ್ಲ, ಬ್ಯಾಂಟಿಂಗ್ ಕಥೆ ಅದಕ್ಕೊಂದು ಒಳ್ಳೇ ಉತ್ತರ. ಅವರ ಅಪ್ಪ ಅಮ್ಮ ಇಬ್ಬರೂ ದಪ್ಪಗಿರಲಿಲ್ಲ. ಇವರೂ ಸುಮ್ಮನೆ ಕೂತವರಲ್ಲ. ವೈದ್ಯ ಸ್ನೇಹಿತರೊಬ್ಬರು ವ್ಯಾಯಾಮ ಮಾಡು ಅಂದದ್ದಕ್ಕೆ ದಿನಾ ಬೆಳಗಿನ ಜಾವ ಎರಡು ಗಂಟೆ ಭಾರದ ದೋಣಿಗೆ ಹುಟ್ಟು ಹಾಕಿದರು. ಕಸುವು ಬಂತು, ಜತೆಗೆ ಹಾಳು ಹಸಿವೂ ಬಂತು! ತಿಂದರು, ತೂಕ ಇನ್ನೂ ಏರಿತು. ಕೊನೆಗೆ ಅದೇ ಸ್ನೇಹಿತರೇ ಬಿಟ್ಟುಬಿಡು ಅಂದರು. ಲೆಮಿಂಗ್ಟನ್ನಿನ ಔಷಧೀಯ ನೀರು ಕುಡಿದದ್ದಾಯಿತು, ಐವತ್ತರವರೆಗೆ ಟರ್ಕಿಶ್ ಸ್ನಾನ ಮಾಡಿದ್ದಾಯಿತು. ಅದರಿಂದ ಇಳಿದದ್ದು ಆರು ಪೌಂಡು.

ಪರಿಹಾರ ಸಿಕ್ಕಿದ್ದು ಕಿವಿಯ ದೆಸೆಯಿಂದ. ಕಿವಿ ಮಂದವಾಗಿ, ವಿಲಿಯಂ ಹಾರ್ವಿ ಅನ್ನೋ ಕಿವಿ ವೈದ್ಯರ ಹತ್ತಿರ ಹೋದರು (ರಕ್ತ ಪರಿಚಲನೆಯ ಹಾರ್ವಿ ಅಲ್ಲ, ಅವರು ತೀರಿಕೊಂಡು ಎರಡು ಶತಮಾನ ಆಗಿತ್ತು). ಈ ಹಾರ್ವಿ 1856ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲಾಡ್ ಬರ್ನಾರ್ಡರ ಉಪನ್ಯಾಸ ಕೇಳಿ ಬಂದಿದ್ದರು. ಪಿತ್ತಜನಕಾಂಗವೇ ಸಕ್ಕರೆ ತಯಾರಿಸುತ್ತೆ ಅಂತ ತೋರಿಸಿಕೊಟ್ಟವರು ಬರ್ನಾರ್ಡ್. ಸಕ್ಕರೆ, ಪಿಷ್ಟ ತಿನ್ನಿಸಿ ದನ ಕೊಬ್ಬಿಸುತ್ತಾರಲ್ಲ, ಮನುಷ್ಯನಿಗೆ ಅದನ್ನೇ ನಿಲ್ಲಿಸಿದರೆ? ಇದು ಹಾರ್ವಿ ಹೂಡಿದ ತರ್ಕ. ಕಿವಿಯ ಮೇಲೂ ಕೊಬ್ಬಿನ ಒತ್ತಡ ಬಿದ್ದಿದೆ ಅನ್ನೋದು ಅವರ ಅಂದಾಜು. ಬ್ರೆಡ್, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ, ಎಲ್ಲಾ ಬಂದ್ ಅಂದರು.

ಉಪವಾಸ ಅಂದುಕೊಳ್ಳಬೇಡಿ. ತಿಂಡಿಗೆ ನಾಲ್ಕೈದು ಔನ್ಸ್ ಮಾಂಸ, ಹಾಲು ಸಕ್ಕರೆಯಿಲ್ಲದ ಚಹಾ, ಒಂದು ಚೂರು ಒಣ ಟೋಸ್ಟು. ಊಟಕ್ಕೆ ಮೀನು ಅಥವಾ ಮಾಂಸ, ತರಕಾರಿ, ಎರಡು ಮೂರು ಲೋಟ ವೈನು. ರಾತ್ರಿ ಮತ್ತೆ ಮಾಂಸ, ಮತ್ತೆ ವೈನು. ಮಲಗೋ ಮುಂಚೆ ಬೇಕಾದರೆ ಸಕ್ಕರೆ ಹಾಕದ ಜಿನ್ನೋ ವಿಸ್ಕಿಯೋ! ನಮ್ಮ ಕಡೆ ಯಾವ ಡಾಕ್ಟರೂ ಇಂಥ ಚೀಟಿ ಬರೆದುಕೊಡಲ್ಲ ಬಿಡಿ :)

1863ರ ಸೆಪ್ಟೆಂಬರ್ ಹೊತ್ತಿಗೆ ತೂಕ 156 ಪೌಂಡು. ಒಂದು ವರ್ಷದಲ್ಲಿ 21 ಕೆಜಿ, ಸೊಂಟದ ಸುತ್ತಳತೆಯಲ್ಲಿ ಹನ್ನೆರಡು ಇಂಚಿಗೂ ಹೆಚ್ಚು ಹೋಗಿತ್ತು. ಮೆಟ್ಟಿಲನ್ನು ಮುಖ ಮುಂದಿಟ್ಟು ಇಳಿಯುವಂತಾಯಿತು, ಕಿವಿಯೂ ಸುಧಾರಿಸಿತು. ಆ ಖುಷಿಗೆ 1863ರಲ್ಲಿ ಬೊಜ್ಜಿನ ಬಗ್ಗೆ ಸಾರ್ವಜನಿಕರಿಗೊಂದು ಪತ್ರ ಅಂತ ಪುಟ್ಟ ಪುಸ್ತಕ ಅಚ್ಚು ಹಾಕಿಸಿ ಮೊದಮೊದಲು ಪುಕ್ಕಟೆ ಹಂಚಿದರು. ಅದರಲ್ಲೊಂದು ಚಂದದ ಹೋಲಿಕೆ ಇದೆ: ಎಳೇ ಕುದುರೆಗೆ ಒಳ್ಳೇದಾದ ಬೀನ್ಸು ಮುದಿ ಕುದುರೆಗೆ ಕೇಡು, ಹಾಗೇ ಈ ಬ್ರೆಡ್ಡು ಸಕ್ಕರೆಗಳು ಮನುಷ್ಯರ ಬೀನ್ಸು. ನಮ್ಮವರಾಗಿದ್ದರೆ ಹುರುಳಿ ಅನ್ನುತ್ತಿದ್ದರು.

ವೈದ್ಯರಿಗೆ ಸಿಟ್ಟು ಬಂತು. ವೈದ್ಯಕೀಯ ಬರವಣಿಗೆಗೆ ಕೈ ಹಾಕಬೇಡಿ ಅಂತ "ಲ್ಯಾನ್ಸೆಟ್" ಪತ್ರಿಕೆ ಗದರಿತು. ಅವರ ತಕರಾರಿನಲ್ಲಿ ಹುರುಳಿರಲಿಲ್ಲ ಅನ್ನೋಕಾಗಲ್ಲ, ಒಬ್ಬನಿಗೆ ಆದದ್ದು ಎಲ್ಲರಿಗೂ ಆಗಬೇಕಿಲ್ಲವಲ್ಲ. ಆದರೆ ಇಪ್ಪತ್ತು ವರ್ಷ ಅವರ ಬಾಗಿಲು ತಟ್ಟಿದವನಿಗೆ ಅವರು ಕೊಟ್ಟದ್ದಾದರೂ ಏನು? ನನ್ನ ಓಟು ಅಜ್ಜನಿಗೇ.

ಹಾಗಂತ ಪಿಷ್ಟ ಒಂದೇ ಖಳನಾಯಕ ಅನ್ನೋ ಹಾರ್ವಿಯ ತರ್ಕವೂ ಪೂರ್ತಿ ನಿಲ್ಲಲಿಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡ್‌ನವರು 609 ಜನರನ್ನು ಒಂದು ವರ್ಷ ಗಮನಿಸಿದ ಫಲಿತಾಂಶ ಪ್ರಕಟಿಸಿದರು. ಜಿಡ್ಡು ಕಡಿಮೆ ಮಾಡಿದವರು ಸರಾಸರಿ 5.3 ಕೆಜಿ, ಪಿಷ್ಟ ಕಡಿಮೆ ಮಾಡಿದವರು 6 ಕೆಜಿ ಇಳಿದಿದ್ದರು. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬ್ಯಾಂಟಿಂಗ್ ಬಿಟ್ಟ ಪಟ್ಟಿಯಲ್ಲಿ ಬೆಣ್ಣೆ, ಬಿಯರು ಕೂಡ ಇದ್ದವು ಅನ್ನೋದನ್ನು ಮರೆಯಬಾರದು. ಇನ್ನು ಹೊಟ್ಟೆ ಒಂದನ್ನೇ ಕರಗಿಸ್ತೀನಿ ಅಂತ ಬಸ್ಕಿ ಹೊಡೆಯೋರಿಗೆ: 1984ರ ಒಂದು ಅಧ್ಯಯನದಲ್ಲಿ 13 ಗಂಡಸರು 27 ದಿನದಲ್ಲಿ ತಲಾ 5004 ಸಿಟ್‌ಅಪ್ ಹೊಡೆದರು. ಕೊಬ್ಬಿನ ಕೋಶ ಹೊಟ್ಟೆಯಲ್ಲಿ ಕುಗ್ಗಿದಷ್ಟೇ ಬೆನ್ನಲ್ಲೂ ಕುಂಡೆಯಲ್ಲೂ ಕುಗ್ಗಿತ್ತು.

ಬ್ಯಾಂಟಿಂಗ್ 1878ರಲ್ಲಿ, 81ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ಆಗಲೇ ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿತ್ತು. ಇಂಗ್ಲಿಷಿನವರು ಅದನ್ನು ಹೆಚ್ಚುಕಮ್ಮಿ ಮರೆತರು, ಸ್ವೀಡನ್ನಿನವರು ಬಿಡಲಿಲ್ಲ. ಸ್ವೀಡಿಷ್ ಭಾಷೆಯಲ್ಲಿ ಡಯಟ್ ಮಾಡೋದಕ್ಕೆ ಇವತ್ತಿಗೂ "ಬಾಂಟಾ" ಅನ್ನುತ್ತಾರೆ.