ಸಿಲ್ಕ್ ಬೋರ್ಡ್ ಗೊತ್ತು, ಎರಿ ಹುಳ ಗೊತ್ತಾ?

ಸಿಲ್ಕ್ ಬೋರ್ಡ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಟ್ರಾಫಿಕ್. ಬೆಂಗಳೂರು ಬಿಟ್ಟು ಹೈದರಾಬಾದಿಗೆ ಬಂದು ಎಂಟು ವರ್ಷ ಆದ್ರೂ ಆ ಸಿಗ್ನಲ್ ಕನಸಲ್ಲಿ ಬರುತ್ತೆ. ಆದರೆ ಆ ಹೆಸರು ಬಂದಿದ್ದು ಅಲ್ಲೇ ಪಕ್ಕದಲ್ಲಿರೋ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿಯಿಂದ. 1948ರ ಕಾಯ್ದೆಯಿಂದ ಹುಟ್ಟಿದ ಮಂಡಳಿ ಅದು. ಅದು ನೋಡಿಕೊಳ್ಳೋ ರೇಷ್ಮೆ ನಾಲ್ಕು ಬಗೆ: ನಮ್ಮ ಹಿಪ್ಪುನೇರಳೆ ರೇಷ್ಮೆ, ಟಸರ್, ಮುಗಾ, ಎರಿ. ಇವತ್ತಿನ ಮಾತು ಈ ನಾಲ್ಕನೆಯದರ ಬಗ್ಗೆ. ಅಂದ್ರೆ ಬಟ್ಟೆಯ ಬಗ್ಗೆ ಮಾತ್ರ ಅಲ್ಲ, ಊಟದ ಬಗ್ಗೆ.

ಕಾರಣ ಒಂದು ಟಿಫಿನ್ ಡಬ್ಬಿ. ನಮ್ಮ ಟೀಮಿನಲ್ಲಿ ಅಸ್ಸಾಮಿನ ಹುಡುಗ ಒಬ್ಬನಿದ್ದಾನೆ. ಊರಿಂದ ವಾಪಸ್ ಬಂದ ದಿನ ಕ್ಯಾಂಟೀನಲ್ಲಿ ಡಬ್ಬಿ ತೆಗೆದ. ಸಾಸಿವೆ ಎಣ್ಣೆಯಲ್ಲಿ ಹುರಿದ, ಬೆರಳಿನ ಗೆಣ್ಣಿನಷ್ಟು ದಪ್ಪದ ಕಂದು ಉಂಡೆಗಳು. "ಎರಿ ಪೊಲು" ಅಂದ. ಪಕ್ಕದ ಟೇಬಲ್ ಖಾಲಿಯಾಯ್ತು. ಎರಡು ದಿನ ಬಿಟ್ಟು ಎಲ್ಲರಿಗೂ ಒಂದು ಮೇಲ್ ಬಂತು: "ಇತರರಿಗೆ ತೊಂದರೆಯಾಗುವ ಆಹಾರ" ತರಬಾರದಂತೆ. ನಾನೇನೂ ಮಾತಾಡಲಿಲ್ಲ. ಅದು ಇನ್ನೂ ಚುಚ್ಚುತ್ತೆ, ಯಾಕಂದ್ರೆ ಆ ಹುಳದ ನೆಂಟರನ್ನ ಸಾಕಿದ ಮನೆಯಲ್ಲೇ ನಾನು ಬೆಳೆದವನು.

ನಮ್ಮೂರು ಚನ್ನಪಟ್ಟಣದ ಹತ್ತಿರ. ಟಿಪ್ಪು ಕಾಲದಿಂದ ಹಿಪ್ಪುನೇರಳೆ ಬೆಳೆಯೋ ಸೀಮೆ. ಹುಳದ ಮನೆಗೆ ಚಪ್ಪಲಿ ಹಾಕ್ಕೊಂಡು ಹೋದ್ರೆ ಅಜ್ಜಿ ಬೈಯೋಳು. ಹುಳ ಪೊರೆ ಬಿಡೋಕೆ ಮೇವು ನಿಲ್ಲಿಸಿ ತಲೆ ಎತ್ತಿ ಸುಮ್ಮನೆ ಕೂತರೆ "ಜ್ವರಕ್ಕೆ ಬಿದ್ದವೆ" ಅನ್ನೋರು. ನಾಲ್ಕು ಜ್ವರ ಕಳೆದು ಮೈ ಹಳದಿಗೆ ತಿರುಗಿದ್ರೆ "ಹಣ್ಣಾದವು". ಹಣ್ಣಾದ ಹುಳ ಚಂದ್ರಿಕೆಗೆ, ಗೂಡು ರಾಮನಗರ ಮಾರ್ಕೆಟ್ಟಿಗೆ. ಆಮೇಲೆ ಏನಾಗ್ತಿತ್ತು ಅಂತ ನಾವು ಕೇಳ್ತಿರಲಿಲ್ಲ. ಆದರೆ ರಾಮನಗರದಲ್ಲಿ ನೂಲು ಬಿಚ್ಚೋ ಓಣಿ ದಾಟಿದವರಿಗೆ ಆ ವಾಸನೆ ಗೊತ್ತು. ಗೂಡಿನೊಳಗಿನ ಕೋಶವನ್ನ ಬಿಸಿ ಗಾಳಿಯಲ್ಲೋ ಆವಿಯಲ್ಲೋ ಸಾಯಿಸಿ, ಬಿಸಿನೀರಲ್ಲಿ ಎಳೆ ಬಿಚ್ಚುತ್ತಾರೆ. ಕಡೆಗೆ ಉಳಿಯೋ ಕೋಶ ಎಣ್ಣೆಗೆ, ಕೋಳಿ ಮೇವಿಗೆ, ಮೀನಿನ ಮೇವಿಗೆ ಹೋಗುತ್ತೆ. ಒಂದು ಸೀರೆಗೆ ಸಾವಿರಾರು ಗೂಡು. ಆ ಸೀರೆ ನಮ್ಮಲ್ಲಿ ಮಡಿ!

ಈಗ ಎರಿಗೆ ಬರೋಣ. ಅಸ್ಸಾಮಿಯಲ್ಲಿ ಎರಾ ಅಂದ್ರೆ ಹರಳು ಗಿಡ, ಉತ್ತರ ಕರ್ನಾಟಕದವರ ಔಡಲ. ಸಂಸ್ಕೃತದ ಏರಂಡದ ಮೊಮ್ಮಗು. ಈ ಹುಳದ ಮುಖ್ಯ ಮೇವು ಹರಳೆಲೆ. ಕೆಸೆರು ಅನ್ನೋ ಮರದ ಎಲೆ, ಮರಗೆಣಸಿನ ಎಲೆ ಕೊಟ್ಟರೂ ತಿನ್ನುತ್ತೆ. ಮುಗಾ ಹುಳವನ್ನ ಬಯಲಲ್ಲಿ ಮರದ ಮೇಲೆ ಬಿಡ್ತಾರೆ. ಎರಿ ಹಾಗಲ್ಲ, ಪೂರ್ತಿ ಮನೆಯೊಳಗಿನ ಜೀವ. ಮೊಟ್ಟೆ ಒಡೆಯೋಕೆ ಸುಮಾರು 10 ದಿನ. ಬೇಸಿಗೆಯಲ್ಲಿ 20ರಿಂದ 25 ದಿನ ಮೇದು, ನಮ್ಮ ಹುಳದ ಹಾಗೇ ನಾಲ್ಕು ಸಲ ಪೊರೆ ಬಿಡುತ್ತೆ. ಚಳಿ ಇದ್ರೆ ಇನ್ನೂ ನಿಧಾನ. ಹಣ್ಣಾದ ಮೇಲೆ ಹೊಟ್ಟೆ ಖಾಲಿ ಮಾಡಿಕೊಂಡು, ಒಣಗಿದ ಎಲೆಗಳ ಕಟ್ಟಿನೊಳಗೆ ಸೇರಿ ಮೂರ್ನಾಲ್ಕು ದಿನದಲ್ಲಿ ಗೂಡು ಮುಗಿಸುತ್ತೆ. ಹಾಗೇ ಬಿಟ್ಟರೆ ಎರಡು ಮೂರು ವಾರಕ್ಕೆ ಪತಂಗ ಹೊರಗೆ. ಅದಕ್ಕೆ ತಿನ್ನೋ ಬಾಯೇ ಇಲ್ಲ. ಕೂಡುತ್ತೆ, ಕೆಲವು ನೂರು ಮೊಟ್ಟೆ ಇಡುತ್ತೆ, ಸಾಯುತ್ತೆ. ಹೆಣ್ಣನ್ನ ಖರಿಕಾ ಅನ್ನೋ ಹುಲ್ಲಿನ ಕಟ್ಟಿಗೆ ಕಟ್ಟಿ ಮೊಟ್ಟೆ ಇಡಿಸ್ತಾರೆ. ವರ್ಷಕ್ಕೆ ಐದಾರು ಬೆಳೆ ಬರುತ್ತೆ.

ಇತಿಹಾಸವೆಲ್ಲ ತಿರುಗಿರೋದು ಗೂಡಿನ ಒಂದು ತೂತಿನ ಸುತ್ತ. ಎರಿ ಗೂಡಿನ ಒಂದು ತುದಿ ತೆರೆದಿರುತ್ತೆ, ಎಳೆಯೂ ಒಂದೇ ಉದ್ದಕ್ಕೆ ಸಿಗಲ್ಲ. ಹಾಗಾಗಿ ಬಿಚ್ಚೋಕಾಗಲ್ಲ, ಹತ್ತಿ ಥರ ನೂಲಬೇಕು. ಕಲ್ಕತ್ತೆಯ ಸಸ್ಯೋದ್ಯಾನದ ವಿಲಿಯಂ ರಾಕ್ಸ್‌ಬರೋ 1804ರಲ್ಲಿ "ಅರಿಂಡಿ" ಹುಳದ ಬಗ್ಗೆ ಲಂಡನ್ನಿನ ಲಿನೀಯನ್ ಸೊಸೈಟಿಗಾಗಿ ಬರೆದ. ಅಸ್ಸಾಂ ಕಂಪನಿ ಕೈಗೆ ಬಂದ ಮೇಲೆ 1837ರಲ್ಲಿ ಥಾಮಸ್ ಹ್ಯೂಗನ್ ಅಲ್ಲಿನ ರೇಷ್ಮೆಗಳ ಬಗ್ಗೆ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. 1881ರಲ್ಲಿ ಥಾಮಸ್ ವಾರ್ಡಲ್ ಭಾರತದ ಕಾಡು ರೇಷ್ಮೆಗಳ ಮೇಲೆ ಕೈಪಿಡಿ ತಂದ. 1912ರಲ್ಲಿ ಪೂಸಾದಿಂದ ಮ್ಯಾಕ್ಸ್‌ವೆಲ್ ಲೆಫ್ರಾಯ್ ಮತ್ತು ಘೋಷ್ ಎರಿ ಮೇಲೇ ಒಂದು ವರದಿ ಪ್ರಕಟಿಸಿದರು. ನೂರು ವರ್ಷ ಆಸಕ್ತಿ ಏನೋ ಇತ್ತು, ಆದರೆ ಪೇಟೆಗೆ ಬೇಕಿದ್ದದ್ದು ಕಡಿಯದ, ಮಿಂಚೋ ಎಳೆ. ಅದು ಕೊಡದ ಎರಿ "ಬಡವರ ರೇಷ್ಮೆ" ಆಗಿ, ಚಳಿಗಾಲದ ಹೊದಿಕೆಯಾಗಿ ಉಳೀತು.

ಆದರೆ ಬಡವರ ಲೆಕ್ಕವೇ ಬೇರೆ. ಹಸಿ ಗೂಡಿನ ತೂಕದಲ್ಲಿ ರೇಷ್ಮೆ 15ಕ್ಕೆ ಒಂದೆರಡು ಕಮ್ಮಿ ಶೇಕಡಾ, ಮಿಕ್ಕಿದ್ದೆಲ್ಲ ಕೋಶ. ಬೋಡೋ, ರಾಭಾ, ಮಿಸಿಂಗ್, ಕಾರ್ಬಿ ಮನೆಗಳಲ್ಲಿ ಹೆಂಗಸರು ಹುಳ ಸಾಕೋದು ನೂಲಿಗೆ ಎಷ್ಟೋ ಊಟಕ್ಕೂ ಅಷ್ಟೇ. ಮುಂದಿನ ಬೆಳೆಗೆ ಬೇಕಾದಷ್ಟು ಗೂಡು ಎತ್ತಿಟ್ಟು, ಉಳಿದ ಗೂಡಿನಿಂದ ಕೋಶವನ್ನ ಹೊರಗೆ ತೆಗೀತಾರೆ. ಹಣ್ಣಾದ ಹುಳವನ್ನೂ ತಿಂತಾರೆ. ಹೊಟ್ಟೆ ಖಾಲಿ ಆಗಿರುತ್ತಲ್ಲ, ಹಾಗಾಗಿ ಶುದ್ಧ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ಹಾಕಿ ಹುರಿಯೋದು ಒಂದು ಬಗೆ, ಖೊರಿಸಾ ಅಂದ್ರೆ ಹುಳಿ ಬರಿಸಿದ ಕಳಲೆ ಜೊತೆ ಇನ್ನೊಂದು. ಸಂತೆಯಲ್ಲಿ ಜೀವಂತ ಕೋಶಗಳನ್ನ ತೂಕಕ್ಕೆ ಮಾರ್ತಾರೆ. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಇದನ್ನ ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದ್ದಾರೆ: 100 ಗ್ರಾಂ ಕೋಶದಲ್ಲಿ ಸುಮಾರು 16 ಗ್ರಾಂ ಪ್ರೋಟೀನ್, 8 ಗ್ರಾಂ ಕೊಬ್ಬು. ಜಿಮ್ಮಿನಲ್ಲಿ ಡಬ್ಬದ ಪುಡಿ ಕಲಸೋ ನನ್ನ ಸಹೋದ್ಯೋಗಿಗಳಿಗೆ ಹೇಳಬೇಕು.

ಈಗ ಸ್ವಲ್ಪ ತಮಾಷೆ ನೋಡಿ. ಇದೇ ಹೈದರಾಬಾದಿನ ಕುಸುಮ ರಾಜಯ್ಯ ಅವರು ಪತಂಗ ಹೊರಗೆ ಹೋದ ಮೇಲೆ ಉಳಿಯೋ ಗೂಡಿನಿಂದ ಬಟ್ಟೆ ಮಾಡಿ "ಅಹಿಂಸಾ ರೇಷ್ಮೆ" ಅನ್ನೋ ಹೆಸರು ಪ್ರಸಿದ್ಧಿ ಮಾಡಿದರು. ಅದು ಪ್ರಾಮಾಣಿಕ ಕೆಲಸ. ಆದರೆ ಆ ಚೀಟಿ ಈಗ ಎರಿ ಶಾಲುಗಳ ಮೇಲೂ ಬಂದಿದೆ, ಯಾಕಂದ್ರೆ ಎರಿ ಪತಂಗ ಗೂಡು ಹಾಳು ಮಾಡದೆ ತಾನೇ ಹೊರಬರಬಲ್ಲದು. ಬರಬಲ್ಲದು, ನಿಜ. ಎಲ್ಲ ಮನೆಯಲ್ಲೂ ಬರೋಕೆ ಬಿಡ್ತಾರಾ ಅನ್ನೋದು ಬೇರೆ. ಅಮ್ಮನಿಗೆ ಅಂತ ಮಾಲ್‌ನಲ್ಲಿ ಅಂಥ ಒಂದು ಶಾಲು ತಗೊಂಡಿದ್ದೆ, ಹೆಮ್ಮೆಯಿಂದ. ಅದರ ಫೋಟೋ ತೋರಿಸಿದಾಗ ನಮ್ಮ ಹುಡುಗ ನಕ್ಕ: "ಇದರ ಹುಳ ಯಾರ ಊಟ ಆಗಿತ್ತೋ ಅಣ್ಣ, ಪಾಪ, ಹೇಳೋಕೆ ನಾಚಿಕೆ ಪಟ್ಟಿದ್ದಾರೆ."

ಹಾಗಂತ ಹೇಳಿದ್ದು ಅವನ ರೂಮಿನಲ್ಲಿ. ಮೇಲ್ ಬಂದ ತಿಂಗಳಿಗೆ ನಾನೇ ಕೇಳಿಕೊಂಡು ಹೋಗಿದ್ದೆ. ಮೊದಲನೆಯದನ್ನ ಬಾಯಿಗಿಡೋಕೆ ಐದು ನಿಮಿಷ ಹಿಡೀತು. ನಾಟಿ ಕೋಳಿ ಮೂಳೆ ಕಡಿಯೋ ನಾನು ಅಷ್ಟು ಹೊತ್ತು ತಗೊಂಡೆ! ಹೊರಗೆ ಗರಿಗರಿ, ಒಳಗೆ ಬೆಣ್ಣೆ ಥರ. ನಾಲ್ಕನೆಯದಕ್ಕೆ ನಾನೇ ಕೈ ಹಾಕಿದೆ. ಕ್ಯಾಂಟೀನಿನ ವಿಷಯಕ್ಕೆ ಕ್ಷಮೆ ಕೇಳಿದೆ. "ಬಿಡಿ ಅಣ್ಣ, ಈಗ ಮೊಸರನ್ನ ತರ್ತೀನಿ" ಅಂದ. ನಗಲಿಲ್ಲ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು, "ಅವರ ಹುಳಕ್ಕೂ ಜ್ವರ ಬತ್ತವಾ?"

"ಬತ್ತವೆ. ನಾಲ್ಕು."

"ಹಣ್ಣಾದ್ ಮ್ಯಾಕೆ ತಿಂತಾರೇನೋ ಹಂಗಾದ್ರೆ" ಅಂದಳು. "ಅಯ್ಯೋ, ಎಲ್ಲರ ಮನೇಲೂ ಅಷ್ಟೇ ಕಷ್ಟ ಕಣಪ್ಪ ಅದನ್ನ ಸಾಕೋದು."